ಕಪ್ಪು ಬಳಿದ ಕಾರು: ಚಾವಣಿಯಲ್ಲಿ ಉಳಿದ ಚೌಕ

ಬಟ್ಟೆ ಒಣಹಾಕುವ ತಂತಿಯ ಮೇಲೆ ಕಾರಿನ ನಾಲ್ಕು ಬಾಗಿಲುಗಳ ಒಳಹಲಗೆಗಳು ನೇತಾಡುತ್ತಿದ್ದವು, ಉಪ್ಪು ಸವರಿ ಬಿಸಿಲಿಗೆ ಹಾಕಿದ ಮೀನಿನ ಹಾಗೆ. ನಾಲ್ಕೂ ಕಪ್ಪು. ನಾಲ್ಕೂ ಹಸಿ.

"ಮುಟ್ಬೇಡಿ ದೊಡ್ಡಮ್ಮ!" ಎಂದ ಥವೋನ್, ಮೂತಿಗೆ ಕಟ್ಟಿಕೊಂಡ ಟವೆಲ್ಲಿನ ಒಳಗಿಂದ. "ಎರಡನೇ ಕೋಟು ಈಗಷ್ಟೇ ಹೊಡೆದಿದೀನಿ."

"ನಾನೆಲ್ಲಿ ಮುಟ್ದೆ? ನೋಡ್ತಾ ಇದೀನಿ."

ನನ್ನ ಹೆಂಡತಿ ವನ್‌ಪೆನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಲಗೆಯಿಂದ ಹಲಗೆಗೆ ನಿಧಾನವಾಗಿ ನಡೆದಳು. ವಿಮಾ ಕಂಪನಿಯೊಂದರ ಪರವಾಗಿ ಗುದ್ದಿದ ಗಾಡಿ, ಉರುಳಿದ ಗಾಡಿ, ನೀರಿಗೆ ಬಿದ್ದ ಗಾಡಿಗಳನ್ನು ನೋಡಿ ನೋಡಿ ನಿವೃತ್ತಳಾದವಳು. ಮದುವೆಯ ದಿನ ನನ್ನನ್ನೂ ಹೀಗೆಯೇ ಒಂದು ಸುತ್ತು ಬಂದು ನೋಡಿದ್ದಳು, ಎಲ್ಲಿ ನೆಗ್ಗಿದೆ ಅಂತ.

ನಾನು ಬುನ್‌ಲೆರ್ಟ್. ಲಿಕೇ ಅನ್ನುವ ನಮ್ಮ ಹಳ್ಳಿನಾಟಕದ ಮೇಳದಲ್ಲಿ ಹಾಸ್ಯಗಾರನಾಗಿದ್ದೆ. ಅರ್ಧ ಆಯಸ್ಸು ಮುಖಕ್ಕೆ ಬಣ್ಣ ಹಚ್ಚಿ ಹೊಟ್ಟೆ ಹೊರೆದವನು ಈಗ ಹೆಂಡತಿಯನ್ನು ಬೈಕಿನ ಪಕ್ಕಗಾಡಿಯಲ್ಲಿ ಕೂರಿಸಿಕೊಂಡು, ಬೇರೆಯವರು ಸುಳ್ಳಿಗೆ ಹಚ್ಚಿದ ಬಣ್ಣ ಕೆರೆಯಲು ಊರೂರು ಅಲೆಯುತ್ತೇನೆ.

ಪ್ರಯೋಂಗ್ ಮೇಷ್ಟ್ರ ಬಿಳಿ ಕಾರು ತೊಳೆಯುವ ಅಂಗಡಿಯಿಂದ ಮಾಯವಾಗಿ, ಅದನ್ನು ತೊಳೆಯುತ್ತಿದ್ದ ಕಮೊನ್ ಎಂಬ ಹುಡುಗ ಆಂಗ್ ಥೋಂಗ್ ಪಟ್ಟಣದ ಠಾಣೆಯಲ್ಲಿ ಕಂಬಿಯ ಹಿಂದೆ ಕೂತಿದ್ದ. ಕಾರನ್ನು ಅವನೇ ಮಾರಿಕೊಂಡ ಅಂತ ದೂರು ಕೊಟ್ಟವರು ಮೇಷ್ಟ್ರು.

ಶನಿವಾರ ಅವನಿಗೆ ಭಿಕ್ಷು ದೀಕ್ಷೆ. ತಲೆಯ ಮೇಲೆ ಕೇಸಿರುವವನಿಗೆ ಯಾವ ವಿಹಾರದಲ್ಲೂ ದೀಕ್ಷೆ ಕೊಡುವುದಿಲ್ಲ. ಅವನ ತಾಯಿ ಬುನ್ನಾಕ್ ಬಾಳೆಹಣ್ಣು ಕರಿದು ಮಾರಿ ಅವನನ್ನು ಸಾಕಿದವಳು. ಐದು ವರ್ಷದ ಹುಡುಗನಾಗಿ ಅವನು ಅವಳ ಮನೆಗೆ ಬಂದಾಗ ಎಲ್ಲಿಂದ ಬಂದ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗನ ಕಾವಿಯ ಅಂಚು ಹಿಡಿದುಕೊಂಡು ಸ್ವರ್ಗಕ್ಕೆ ಹೋಗಬೇಕು ಅನ್ನುವುದೊಂದೇ ಅವಳ ಆಸೆ. ಹೊಸ ಕಾವಿ, ಭಿಕ್ಷಾಪಾತ್ರೆ, ದಿಂಬು, ಎಲ್ಲ ಮಂಚದ ಮೇಲೆ ಜೋಡಿಸಿಟ್ಟು ಅದರ ಪಕ್ಕ ಚಾಪೆಯಲ್ಲಿ ಮಲಗುತ್ತಿದ್ದಳು.

ನಮ್ಮನ್ನು ಬಿಟ್ಟರೆ ಆ ಹುಡುಗನ ಪರವಾಗಿ ಓಡಾಡುತ್ತಿದ್ದವನು ಊರಿಗೇ ಒಬ್ಬ: ತೊಳೆಯುವ ಅಂಗಡಿಯ ಯಜಮಾನ ವಿರುನ್. ಹೋದ ವರ್ಷವಷ್ಟೇ ಊರಿಗೆ ಬಂದು ಅಂಗಡಿ ತೆರೆದವನು. ದೀಕ್ಷೆಯ ಖರ್ಚೆಲ್ಲ ತನ್ನದು ಅಂದಿದ್ದ. ತಲೆ ಬೋಳಿಸುವ ಮುನ್ನ ಕೂದಲಿಗೆ ಹಾಕುವ ಮೊದಲ ಕತ್ತರಿಯೂ ತನ್ನದೇ ಅಂದಿದ್ದ. ಊರಿನಲ್ಲಿ ಎಲ್ಲರ ದನಿಯನ್ನೂ ನಾನು ಮಾಡಿ ತೋರಿಸುತ್ತೇನೆ, ಅವನದೊಂದು ಬಿಟ್ಟು. ಎಣ್ಣೆ ಸವರಿದ ಹಗ್ಗದ ಹಾಗೆ ಅದು. ಹಿಡಿಯಲು ಒಂದು ಗಂಟೂ ಇಲ್ಲ.

ಇನ್ನು ನಾವು ಗಾಡಿ ರಿಪೇರಿಯ ಥವೋನ್‌ನ ಅಂಗಳಕ್ಕೆ ಬಂದದ್ದು ಬಣ್ಣದಂಗಡಿಯ ಅಕ್ಕನ ಬಾಯಿಂದಾಗಿ. ಅವಳ ಮೂಗುದನಿಯನ್ನು ನಾನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ: "ಅಯ್ಯೋ ಬುನ್‌ಲೆರ್ಟಣ್ಣಾ, ಕಾರಿನೊಳಗೆ ಹೊಡೆಯೋ ಕರೀ ಬಣ್ಣದ ಡಬ್ಬಿ ಒಂದೂ ಉಳಿದಿಲ್ಲ. ಎಲ್ಲಾ ಆ ಥವೋನ್ ಹೊತ್ಕೊಂಡು ಹೋದ. ಕಾಗೆ ಸಾಕ್ತಾನೋ ಏನೋ!"

ಕಾಗೆಯಲ್ಲ, ಕಾರು. ಮಾವಿನ ಮರದ ಕೆಳಗೆ ನಿಂತಿತ್ತು. ಹೊರಗೆ ಅಚ್ಚ ಬಿಳಿ.

"ಇದು ಆ ಟ್ರಕ್ಕಿಗೆ ಗುದ್ದಿದ ಗಾಡಿ ತಾನೇ?" ಎಂದಳು ವನ್‌ಪೆನ್, ನಂಬರು ಫಲಕ ನೋಡಿ. "ಆವತ್ತು ಅದನ್ನ ಪರೀಕ್ಷೆ ಮಾಡಿದ್ದು ನಾನೇ. ಮೂತಿ ಹೋಗಿ ಬೆನ್ನಿಗೆ ಸೇರಿತ್ತು. ಗುಜರಿಗೆ ಹಾಕಿ ಅಂತ ಬರೆದಿದ್ದೆ."

"ಹೌದು ದೊಡ್ಡಮ್ಮ. ಗುಜರಿಯಿಂದ ನಾನೇ ತಂದೆ. ಒಂದೊಂದೇ ಭಾಗ ಹುಡುಕಿ ಕೂಡಿಸ್ದೆ."

"ಸತ್ತ ಗಾಡಿ ಎದ್ದು ಬಂದಿದೆ. ಮೈ ಮೇಲೆ ಒಂದು ಗೀರೂ ಇಲ್ಲ. ನಿನ್ನ ಕೈಗುಣ ದೊಡ್ಡದಪ್ಪ!"

ಥವೋನ್ ಟವೆಲ್ಲು ಕೆಳಗಿಳಿಸಿ ನಕ್ಕ. ಒಳ್ಳೆಯ ಹುಡುಗನ ನಗು. ಮೂವತ್ತು ದಾಟಿದ್ದರೂ ಇನ್ನೂ ಹಿಂದಿನ ಬೆಂಚಿನಲ್ಲಿ ಕೂತವನ ಹಾಗೆ ಕಾಣುತ್ತಿದ್ದ.

ಮೇಷ್ಟ್ರ ಕಾರಿನದೂ ಇದೇ ಮಾದರಿ, ಇದೇ ಬಿಳಿ. ವ್ಯತ್ಯಾಸವೆಲ್ಲ ಒಳಗೆ. ಗುದ್ದಿದ ಗಾಡಿಯ ಒಳಮೈ ಕಪ್ಪು. ಮೇಷ್ಟ್ರದು ಹಾಲು ಹೆಚ್ಚಾದ ಚಹಾದ ಬಣ್ಣ. ಒಂದರ ನಂಬರನ್ನು ಇನ್ನೊಂದಕ್ಕೆ ಹಾಕಬೇಕಾದರೆ ಒಳಗಿನ ಚಹಾ ಕಾಫಿಯಾಗಬೇಕು, ಅದೂ ಹಾಲಿಲ್ಲದ ಕಾಫಿ.

"ಮೊದಲು ಒಳಗೆ ಯಾವ ಬಣ್ಣ ಇತ್ತು?"

"ಕಪ್ಪೇ ದೊಡ್ಡಮ್ಮ. ಬಿಸಿಲಿಗೆ ಸುಟ್ಟು ಬೂದಿ ಬಣ್ಣ ಆಗಿತ್ತು. ಅದಕ್ಕೇ ಮತ್ತೆ ಹೊಡೀತಿದೀನಿ." ಒಂದು ಕ್ಷಣ ಬಿಟ್ಟು ಸೇರಿಸಿದ, "ಜ್ಯೋತಿಷಿನೂ ಹೇಳಿದ್ರು. ಈ ವರ್ಷ ನಂಗೆ ಕಪ್ಪು ಆಗಿಬರುತ್ತಂತೆ."

ವನ್‌ಪೆನ್ ಬೆನ್ನ ಹಿಂದಿನ ಕೈ ಬಿಚ್ಚಿ, ಬೇಲಿಯಾಚೆ ನಿಂತಿದ್ದ ನಮ್ಮ ಪಕ್ಕಗಾಡಿಯ ಕಡೆಗೆ ತೋರಿಸಿದಳು. ಅದು ಮೆಣಸಿನಕಾಯಿ ಕೆಂಪು. ಅದರ ಬೆನ್ನ ಮೇಲೆ ದಪ್ಪ ಅಕ್ಷರದ ಸ್ಟಿಕ್ಕರ್: 'ಈ ಗಾಡಿಯ ಬಣ್ಣ ಹಸಿರು.'

"ನಂಗೂ ಜ್ಯೋತಿಷಿ ಹೇಳಿದ್ರು, ಕೆಂಪು ಆಗಿಬರಲ್ಲ ಅಂತ. ನಾವು ಬಣ್ಣ ಹೊಡೆದ್ವಾ? ಸ್ಟಿಕ್ಕರ್ ಅಂಟಿಸಿದ್ವಿ. ಊರಲ್ಲಿ ಎಲ್ಲರೂ ಹಂಗೇ ಮಾಡೋದು. ಗ್ರಹಗಳಿಗೆ ಓದೋಕೆ ಬರುತ್ತಪ್ಪ. ನೀನು ಯಾರಿಗೆ ತೋರಿಸೋಕೆ ಸ್ಕ್ರೂ ಬಿಚ್ಚಿ ಬಳೀತಿದೀಯ?"

ಥವೋನ್ ಸ್ಪ್ರೇ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಗೋಲಿ ಟಕಟಕ ಅಂದಿತು.

ಕೆಲಸ ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಹಲಗೆಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ, ನಯವಾದ ಸ್ಯಾಂಡ್‌ಪೇಪರಿನಲ್ಲಿ ಮೈ ಸವರಿ, ಮಂಜಿನಷ್ಟು ತೆಳುವಾಗಿ ಬಣ್ಣ ಬಿಟ್ಟಿದ್ದ. ಡ್ಯಾಶ್‌ಬೋರ್ಡಿನ ಚರ್ಮದ ನೆರಿಗೆಗಳು ಮುಚ್ಚಿಹೋಗದೆ ಹಾಗೇ ಇದ್ದವು. ಅವಸರದವರು ಒಂದೇ ಸಲಕ್ಕೆ ದಪ್ಪಗೆ ಬಳಿದುಬಿಡುತ್ತಾರೆ. ನಮ್ಮ ಮೇಳದ ರಾಕ್ಷಸನೂ ಹಾಗೇ ಬಳಿದುಕೊಂಡು, ಎರಡನೇ ಅಂಕ ಬರುವಷ್ಟರಲ್ಲಿ ಗಲ್ಲದಿಂದ ಸುಲಿಯುತ್ತಿದ್ದ.

"ಒಳಗೆ ಕೂತ್ಕೋಬಹುದಾ?"

"ಮುಂದಿನ ಸೀಟು ಒಣಗಿದೆ. ಕೂತ್ಕೊಳ್ಳಿ."

ವನ್‌ಪೆನ್ ಚಪ್ಪಲಿ ಬಿಟ್ಟು ಚಾಲಕನ ಸೀಟಿನಲ್ಲಿ ಕೂತಳು. ಸೀಟ್‌ಬೆಲ್ಟು ಹಿಡಿದು ಎಳೆದಳು. ಕಪ್ಪು ಬಂತು. ಇನ್ನೂ ಎಳೆದಳು, ಕಪ್ಪೇ. ಅದು ಬರುವಷ್ಟೂ ಎಳೆದಳು. ಕೊನೆಯಲ್ಲಿ, ಬಣ್ಣದ ಕೈ ತಲುಪದ ಜಾಗದಿಂದ, ಒಂದು ಗೇಣು ಚಹಾ ಹೊರಬಂತು.

"ಬೆಲ್ಟು ಗುಜರಿಯದು," ಎಂದ ಥವೋನ್, ಕೇಳುವ ಮೊದಲೇ.

"ಯಾರು ಅಲ್ಲ ಅಂದ್ರು?"

"ಹಂಗಲ್ಲ, ಬೇರೆ ಗಾಡೀದು. ಬಣ್ಣ ಬೇರೆ ಇತ್ತು."

"ಆಗಲಿ." ಅವಳು ಬೆಲ್ಟನ್ನು ನಿಧಾನಕ್ಕೆ ಒಳಗೆ ಬಿಟ್ಟಳು. ಅವಳು 'ಆಗಲಿ' ಅಂದಾಗ ನಾನು ಕೂತುಕೊಳ್ಳಲು ಜಾಗ ಹುಡುಕುತ್ತೇನೆ; ಏಕೆಂದರೆ ಅಲ್ಲಿಂದ ಹೊರಡುವುದು ತಡವಾಗುತ್ತದೆ. ಜಗಲಿಯ ಮೇಲೆ ಹಿಂದಿನ ಸೀಟು ಹಳೆಯ ಪತ್ರಿಕೆಗಳ ಮೇಲೆ ಒಣಗುತ್ತಿತ್ತು. ಅದರ ಪಕ್ಕದಲ್ಲಿ ಕೂತು, ಪ್ಲಾಸ್ಟಿಕ್ ಚೀಲದಲ್ಲಿದ್ದ ಐಸ್ ಕಾಫಿಗೆ ನಳಿಗೆ ಚುಚ್ಚಿದೆ.

"ಥವೋನ್, ತಲೆ ಮೇಲೆ ಇದೇನು?"

ಚಾವಣಿಯ ಬಟ್ಟೆಯೂ ಕಪ್ಪಾಗಿತ್ತು. ಆದರೆ ಚಾಲಕನ ತಲೆಯ ನೇರಕ್ಕೆ ಅಂಗೈಯಗಲದ ಕಪ್ಪು ಮಕಮಲ್ಲಿನ ತುಂಡೊಂದನ್ನು ನಾಲ್ಕೂ ಮೂಲೆಗೆ ಟೇಪು ಹಾಕಿ ಅಂಟಿಸಲಾಗಿತ್ತು.

ಥವೋನ್‌ನ ಮುಖದಿಂದ ನಗು ಇಳಿಯಿತು. "ಅದು… ಬಟ್ಟೆ ಹರಿದಿತ್ತು. ತೇಪೆ."

"ತೇಪೆಗೆ ಯಾರಾದ್ರೂ ಮಕಮಲ್ಲು ಹಾಕ್ತಾರಾ? ದೇವರಿಗೆ ಹಾಕ್ತಾರೆ."

ಅವಳು ಎರಡೂ ಕೈ ಜೋಡಿಸಿ ಹಣೆಗೆ ತಂದು ಆ ತುಂಡಿಗೆ ಕೈಮುಗಿದಳು. ಆಮೇಲೆ ಉಗುರಿನಿಂದ ಒಂದು ಮೂಲೆ ಎಬ್ಬಿಸಿದಳು.

ನಾನು ಕಾಫಿ ಕೆಳಗಿಟ್ಟು ಹತ್ತಿರ ಹೋದೆ.

ಕಪ್ಪು ಚಾವಣಿಯ ನಡುವೆ ಅಳತೆಪಟ್ಟಿ ಇಟ್ಟು ಕತ್ತರಿಸಿದ ಹಾಗೆ ಒಂದು ಚಹಾ ಬಣ್ಣದ ಚೌಕ. ಅದರೊಳಗೆ ಬಿಳಿಯ ಚುಕ್ಕಿಗಳು, ಗೋಪುರದ ಹಾಗೆ ಒಂದರ ಮೇಲೊಂದು ಸಾಲಾಗಿ. ಹೊಸ ಕಾರು ಕೊಂಡ ದಿನ ವಿಹಾರದ ಹಿರಿಯ ಭಿಕ್ಷು ಅಪಘಾತ ತಟ್ಟದಿರಲಿ ಅಂತ ಸುಗಂಧದ ಪುಡಿ ಕಲಸಿ ಬೆರಳಿನಿಂದ ಇಟ್ಟ ಚುಕ್ಕಿಗಳು. ನಮ್ಮಲ್ಲಿ ಯಾವ ಕಾರಿನಲ್ಲಿ ತಲೆ ಎತ್ತಿದರೂ ಅವು ಕಾಣುತ್ತವೆ. ಕಾರು ಮಾರಿದರೂ ಅವನ್ನು ಅಳಿಸುವುದಿಲ್ಲ. ಕದ್ದರೂ ಅಳಿಸುವುದಿಲ್ಲ. ಪೊಲೀಸರಿಗೆ ಹೆದರದವನೂ ಅದರ ಮೇಲೆ ಬಣ್ಣ ಬಿಡಲು ಹೆದರುತ್ತಾನೆ. ಪೊಲೀಸರಿಂದಾದರೆ ತಪ್ಪಿಸಿಕೊಳ್ಳಬಹುದು, ಮುಂದಿನ ತಿರುವಿನಿಂದ ಹೇಗೆ ತಪ್ಪಿಸಿಕೊಳ್ಳುವುದು?

"ಕೆಳಗಿನ ಸಾಲು ನೋಡಿ, ನಾಟಕದವರೇ," ಎಂದಳು ವನ್‌ಪೆನ್ ಮೆಲ್ಲಗೆ.

ಕೆಳಗಿನ ಸಾಲಿನ ಕೊನೆಯ ಚುಕ್ಕಿ ದುಂಡಗಿರಲಿಲ್ಲ. ಉಜ್ಜಿಹೋಗಿ ಬಾಲ ಬಂದಿತ್ತು, ಗೊದಮೊಟ್ಟೆಯ ಹಾಗೆ.

ಆ ಗೊದಮೊಟ್ಟೆಯ ಕಥೆಯನ್ನು ನಾವು ಬೆಳಿಗ್ಗೆ ಕೇಳಿದ್ದೆವು, ಪ್ರಯೋಂಗ್ ಮೇಷ್ಟ್ರ ಬಾಯಿಂದಲೇ.

ಬೆಳಿಗ್ಗೆ ಅವರ ಮನೆಗೆ ಹೋದಾಗ ಮೇಷ್ಟ್ರು ತಣ್ಣನೆಯ ಸೇವಂತಿ ಚಹಾ ಕೊಟ್ಟಿದ್ದರು. ಅವರ ಬೆರಳ ತುದಿಗಳು ಕಪ್ಪಾಗಿದ್ದವು. "ತಲೆಗೆ ಬಣ್ಣ ಹಚ್ಕೊಂಡೆ ಬುನ್‌ಲೆರ್ಟ್, ವಯಸ್ಸಾಯ್ತಲ್ಲ," ಎಂದರು. ನಾಟಕದವನ ಕಣ್ಣು ತಾನಾಗಿ ತಲೆಗೆ ಹೋಯಿತು. ಬೈತಲೆ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಕನ್ನಡಿ ಇಲ್ಲದೆ ಹಚ್ಚಿಕೊಂಡರೆ ಹೀಗೇ ಅಂತ ಒಳಗೊಳಗೇ ನಕ್ಕು ಚಹಾ ಕುಡಿದಿದ್ದೆ.

ಆಮೇಲೆ ಅವರು ತೀರಿಹೋದ ಹೆಂಡತಿಯ ಮಾತೆತ್ತಿದರು. ಕಾರಿಗೆ ಚುಕ್ಕಿ ಇಡಿಸಿದ ದಿನ ಆಕೆ ನಗು ತಡೆಯಲಾಗದೆ ಧಡಕ್ಕನೆ ಎದ್ದರಂತೆ; ಹಸಿ ಚುಕ್ಕಿಯೊಂದು ಆಕೆಯ ತುರುಬಿಗೆ ಉಜ್ಜಿತಂತೆ. "ಆ ಚುಕ್ಕಿ ಹಂಗೇ ಇದೆ. ಕೆಂಪು ದೀಪದಲ್ಲಿ ನಿಂತಾಗೆಲ್ಲ ನೋಡ್ತೀನಿ," ಎಂದಿದ್ದರು. "ನೋಡ್ತಿದ್ದೆ" ಅನ್ನಬೇಕಿತ್ತಲ್ಲ ಅಂತ ಆಗ ನನಗೆ ಹೊಳೆಯಲಿಲ್ಲ. ವನ್‌ಪೆನ್‌ಗೆ ಹೊಳೆದಿರಬೇಕು. ಅವಳು ಚಹಾ ಅರ್ಧಕ್ಕೇ ಬಿಟ್ಟಿದ್ದಳು.

"ಇದು ಮೇಷ್ಟ್ರ ಕಾರು," ಎಂದಳು ಅವಳೀಗ, ದನಿ ಏರಿಸದೆ. "ಥವೋನ್, ಕಮೊನ್ ನಿನಗಿಂತ ಎರಡು ತರಗತಿ ಚಿಕ್ಕವನು. ನಿನ್ನ ಜೊತೆ ಕಾಲುವೇಲಿ ಈಜಿದವನು. ಅವನ ಅಮ್ಮ ದಿಂಬು ಕಾವಲು ಕಾಯ್ತಾ ನೆಲದ ಮೇಲೆ ಮಲಗ್ತಿದಾಳೆ. ಕಾರು ಇಲ್ಲಿಗೆ ಹೆಂಗೆ ಬಂತು?"

"ನಂಗೆ ಗೊತ್ತಿಲ್ಲ."

"ನಡ್ಕೊಂಡು ಬಂತಾ?"

"ಗುಜರಿಯವರು ತಂದ್ಕೊಟ್ರು."

"ಯಾವ ಗುಜರಿಯವನು? ಹೆಸರಿಲ್ವಾ?"

ಥವೋನ್ ನೆಲ ನೋಡುತ್ತ ನಿಂತ. ಡಬ್ಬಿಯ ಮೂತಿಯಿಂದ ಒಂದೊಂದೇ ಹನಿ ಕಪ್ಪು ಅವನ ಕಾಲ್ಬೆರಳ ಮೇಲೆ ಬೀಳುತ್ತಿತ್ತು. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ಕೇಳುಗರ ಕನಸು ಬಿಡಿಸಿ ಲಾಟರಿಯ ಅಂಕಿ ಹೇಳುತ್ತಿದ್ದರು. ಹುಂಜವೊಂದು ಕಾರಿನ ಕೆಳಗೆ ಹೊಕ್ಕು, ವಾಸನೆ ಹಿಡಿಸದೆ ಹೊರಬಂತು.

ಈ ಮೌನ ನನಗೆ ಆಗಿಬರುವುದಿಲ್ಲ. ರಂಗದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದರೆ ಜನ ಕಡಲೆ ಎಸೆಯುತ್ತಾರೆ. ಸುಮ್ಮನೆ ಅವನನ್ನು ನಗಿಸೋಣ ಅಂತ ಗಂಟಲು ಸರಿಮಾಡಿಕೊಂಡು, ಅವನ ಬೆನ್ನ ಹಿಂದೆ ನಿಂತು, ಪ್ರಯೋಂಗ್ ಮೇಷ್ಟ್ರ ಆ ಒಣ ದನಿ ತೆಗೆದೆ:

"ಥವೋನ್! ಕೈ ಕಟ್ಟಿ ನೆಟ್ಟಗೆ ನಿಂತು ಉತ್ತರ ಹೇಳು!"

ಡಬ್ಬಿ ಕೆಳಗೆ ಬಿತ್ತು. ಥವೋನ್ ತಿರುಗಿಯೂ ನೋಡದೆ ಕೈ ಕಟ್ಟಿದ.

"ಚಾವಣಿ ನಾನು ಮುಟ್ಟಿಲ್ಲ ಮೇಷ್ಟ್ರೇ! ನೀವು ಮಾಡಿದ್ದು ಹಂಗೇ ಇದೆ, ದೊಡ್ಡಮ್ಮನೇ ಬಿಚ್ಚಿದ್ದು!"

ಆಮೇಲೆ ತಿರುಗಿದ. ಮೇಷ್ಟ್ರಿಲ್ಲ, ನಾನಿದ್ದೆ. ಅವನ ಮುಖ ನೋಡಿ ನನಗೆ ನಗು ಬರಲಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಅನುಕರಣೆಗೆ ಒಂದು ಚಪ್ಪಾಳೆಯೂ ಬೀಳಲಿಲ್ಲ.

ವನ್‌ಪೆನ್ ಕಾರಿನಿಂದ ಇಳಿದು ಒಂದೊಂದೇ ಚಪ್ಪಲಿ ಮೆಟ್ಟಿಕೊಂಡಳು. "ಬಾಗಿಲು, ಸೀಟು, ಡ್ಯಾಶ್‌ಬೋರ್ಡು ನೀನು. ಚಾವಣಿ ಮೇಷ್ಟ್ರು. ಅಲ್ವಾ?"

"ಮುಟ್ಟೋಕೇ ಬಿಡಲಿಲ್ಲ ದೊಡ್ಡಮ್ಮ," ಎಂದ ಅವನು. ಕಣ್ಣಲ್ಲಿ ನೀರಿತ್ತು. "ಚುಕ್ಕಿ ಮೇಲೆ ಕಾಗದ ಮುಚ್ಚಿ, ಟೇಪಿನ ಅಂಚನ್ನ ಉಗುರಲ್ಲಿ ಒತ್ತಿ ಒತ್ತಿ, ಅವರೇ ಕೈಯಾರೆ ಹಚ್ಚಿದ್ರು. ಯಾಕೆ ಅಂತ ಕೇಳಬೇಡ ಅಂದ್ರು. ಮೇಷ್ಟ್ರು ಹೇಳಿದ್ಮೇಲೆ ಹೆಂಗೆ ಕೇಳೋದು?"

"ತಮ್ಮ ಕಾರನ್ನ ತಾವೇ ಕದ್ದು, ತಮ್ಮ ಶಿಷ್ಯನ ಮೇಲೇ ದೂರು ಕೊಟ್ರಾ?" ಎಂದೆ ನಾನು.

"ಬುನ್‌ಲೆರ್ಟ್, ನನ್ನ ದನಿ ಅಷ್ಟು ಗೊಗ್ಗರಾ?"

ಈ ಸಲ ಆ ದನಿ ನನ್ನದಲ್ಲ.

ಬೇಲಿಯ ಬಾಗಿಲಲ್ಲಿ ಪ್ರಯೋಂಗ್ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಸೈಕಲ್ಲು, ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಇನ್ನೆರಡು ಡಬ್ಬಿ ಬಣ್ಣ. ನಮ್ಮನ್ನು ನೋಡಿ ಅವರು ಓಡಲಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೇರವಾಗಿದೆಯೇ ಅಂತ ನೋಡಿ, ಒಳಗೆ ಬಂದರು. ತೆರೆದ ಚೌಕದ ಕಡೆ ಒಮ್ಮೆ ನೋಡಿದರು.

"ಅವಳ ತುರುಬಿನ ಗುರುತು. ಮುಚ್ಚೋಕೆ ಮನಸ್ಸು ಬರಲಿಲ್ಲ, ವನ್‌ಪೆನ್. ಮುಚ್ಚಿದ್ರೆ ನೀನು ಹಿಡೀತಿರಲಿಲ್ಲ."

"ಹಿಡಿದಾಯ್ತಲ್ಲ ಮೇಷ್ಟ್ರೇ. ನಡೀರಿ ಠಾಣೆಗೆ. ದೂರು ವಾಪಸ್ ತಗೊಳ್ಳಿ. ಶನಿವಾರಕ್ಕೆ ಹುಡುಗನ ದೀಕ್ಷೆ ಆಗ್ಲಿ."

"ದೀಕ್ಷೆ ಆಗಬಾರದು ಅಂತಲೇ ದೂರು ಕೊಟ್ಟಿದ್ದು."

ಅವರು ಹಾಗೆಂದದ್ದು ಪಾಠ ಹೇಳುವಷ್ಟು ಸಮಾಧಾನದಿಂದ. ಹಿಂದಿನ ಸೀಟಿನ ಪಕ್ಕ, ನಾನು ಬಿಟ್ಟೆದ್ದ ಜಾಗದಲ್ಲಿ, ಮಂಡಿ ಹಿಡಿದುಕೊಂಡು ಕೂತರು.

"ಕೇಸಿದ್ದವನಿಗೆ ದೀಕ್ಷೆ ಕೊಡಲ್ಲ. ನನಗೆ ಗೊತ್ತಿದ್ದ ದಾರಿ ಅದೊಂದೇ. ಕಾರು ಸಿಕ್ಕಿಬಿಟ್ರೆ ಕೇಸು ಬಿದ್ದುಹೋಗುತ್ತೆ. ಅದಕ್ಕೇ ಅದು ಬೇರೆ ಕಾರು ಆಗಬೇಕಿತ್ತು."

"ಅವನು ನಿಮಗೇನು ಮಾಡಿದ್ದ?"

"ಏನೂ ಮಾಡಿಲ್ಲ. ಶಾಲೇಲಿ ಹುಡುಗರ ತಲೆ ಸಣ್ಣಗೆ ಕತ್ತರಿಸೋ ನಿಯಮ ಗೊತ್ತಲ್ಲ. ಕೂದಲು ಬಿಟ್ಟು ಬಂದವರಿಗೆ ನಾನೇ ಕತ್ತರಿ ಹಿಡೀತಿದ್ದೆ. ಕಮೊನ್ ಬಂದ ಮೊದಲನೇ ದಿನ ಅವನ ತಲೆಗೂ ಕೈ ಹಾಕಿದೆ. ಕೂದಲು ಸರಿಸಿ ನೋಡಿದವನು ಕತ್ತರಿ ಕೆಳಗ್ಹಾಕ್ದೆ. ಇಡೀ ಶಾಲೇಲಿ ಅವನೊಬ್ಬನಿಗೆ ಕೂದಲು ಬಿಡೋಕೆ ಅಪ್ಪಣೆ ಕೊಟ್ಟೆ. ಬುನ್ನಾಕ್ ಕೈಮುಗಿದು ಅತ್ತಳು."

ಕಮೊನ್‌ನ ಭುಜ ಮುಟ್ಟುವ ಕೂದಲು ನೆನಪಾಯಿತು. ಊರಿನ ಯಾವ ಕ್ಷೌರದಂಗಡಿಯ ಮೆಟ್ಟಿಲನ್ನೂ ಹತ್ತಿದವನಲ್ಲ; ತುದಿ ಕತ್ತರಿಸಬೇಕಾದರೂ ಅಮ್ಮನೇ. ಸಿನಿಮಾ ನಾಯಕನ ಗತ್ತು ಅಂತ ನಾನು ಅವನನ್ನು ಎಷ್ಟು ಸಲ ಅಣಕಿಸಿದ್ದೆ.

"ಏನು ನೋಡಿದ್ರಿ ಮೇಷ್ಟ್ರೇ?" ಎಂದಳು ವನ್‌ಪೆನ್.

"ಒಂದು ಗುರುತು." ಅವರು ಕಪ್ಪು ಬೆರಳನ್ನು ಎತ್ತಿ ಚಾವಣಿಯ ಚೌಕ ತೋರಿಸಿದರು. "ಬಣ್ಣದ ನಡುವೆ ಇದು ಹೆಂಗೆ ನನ್ನ ಕಾರು ಅಂತ ಕೂಗಿ ಹೇಳ್ತಿದೆಯೋ, ಅದೂ ಹಂಗೇ. ತಲೆ ಬೋಳಿಸಿದ್ರೆ ಅವನು ಯಾರು ಅಂತ ಕೂಗಿ ಹೇಳುತ್ತೆ. ಇಷ್ಟು ವರ್ಷ ಅದನ್ನ ಕೇಳಿಸಿಕೊಳ್ಳೋರು ಈ ಊರಲ್ಲಿ ಇರಲಿಲ್ಲ. ಇನ್ನು ಭಯ ಇಲ್ಲ ಅಂತ ಬುನ್ನಾಕ್ ಕೂಡ ನಂಬಿಬಿಟ್ಟಳು. ಈಗ ಒಬ್ಬ ಬಂದಿದಾನೆ. ಅವನಿಗೂ ಅನುಮಾನ ಅಷ್ಟೇ, ಇನ್ನೂ ಖಾತ್ರಿ ಇಲ್ಲ. ಹುಡುಗ ಕಂಬಿ ಹಿಂದೆ, ಕೂದಲು ತಲೆ ಮೇಲೆ. ಅಲ್ಲೀವರೆಗೂ ಬದುಕಿರ್ತಾನೆ."

"ಯಾರು ಬಂದಿರೋದು?"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ವನ್‌ಪೆನ್‌ಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಬುನ್ನಾಕ್‌ಳ ಹೆಸರು. ಅವಳು ಒತ್ತಿ, ನಮಗೂ ಕೇಳುವ ಹಾಗೆ ಹಿಡಿದಳು.

"ಪೆನ್ ಅಕ್ಕಾ!" ಬುನ್ನಾಕ್ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಕಮೊನ್ ಮನೆಗೆ ಬಂದ ಅಕ್ಕಾ! ವಿರುನ್ ಯಜಮಾನ್ರು ಜಾಮೀನು ಕೊಟ್ಟು ಕರ್ಕೊಂಡು ಬಂದ್ರು. ಇಲ್ಲೇ ಕೂತಿದಾನೆ, ಅನ್ನ ಉಣ್ತಿದಾನೆ."

ಮೇಷ್ಟ್ರು ಎದ್ದು ನಿಂತರು. ಅವರ ಕೈ ಹಸಿ ಸೀಟಿಗೆ ತಗುಲಿ, ಕಪ್ಪಿನ ಮೇಲೆ ಐದು ಬೆರಳು ಮೂಡಿದವು.

"ಆದರೆ ಕೇಸು ಇನ್ನೂ ಇದೆಯಲ್ಲ ಬುನ್ನಾಕ್," ಎಂದಳು ವನ್‌ಪೆನ್, ಒಂದೊಂದೇ ಪದ ಎತ್ತಿಟ್ಟು. "ವಿಹಾರದಲ್ಲಿ ದೀಕ್ಷೆಗೆ ಒಪ್ಪಲ್ಲ."

"ನಾನೂ ಅದನ್ನೇ ಅಂದೆ ಅಕ್ಕಾ. ಯಜಮಾನ್ರು ಏನಂದ್ರು ಗೊತ್ತಾ? ದೀಕ್ಷೆ ಯಾವತ್ತಾದ್ರೂ ಆಗ್ಲಿ, ಠಾಣೆಯ ಕೊಳೆ ಹೋಗೋಕೆ ಕೂದಲು ಇವತ್ತೇ ತೆಗೆದುಬಿಡೋಣ ಅಂದ್ರು. ಎಂಥಾ ಮನುಷ್ಯ ಅಕ್ಕಾ! ಹುಡುಗ ಬೇಡ ಬೇಡ ಅಂತಾನೆ, ಇವರು ಬಿಡ್ತಾನೇ ಇಲ್ಲ…"

ಅವಳ ಮಾತಿನ ಹಿಂದೆ ತಟ್ಟೆಯ ಸದ್ದು ಕೇಳಿಸಿತು. ಅದರ ಹಿಂದೆ, ನನಗೆ ಎಂದೂ ಹಿಡಿಯಲು ಸಿಗದ ಆ ನುಣುಪು ದನಿ, ಮನೆಯವನೇ ಆಗಿಬಿಟ್ಟವನ ಹಾಗೆ, ಮೆಲ್ಲಗೆ ಕೇಳುತ್ತಿತ್ತು:

"ಬುನ್ನಾಕ್, ಕತ್ತರಿ ಎಲ್ಲಿಟ್ಟಿದೀಯ?"